ಚಿಮಣಿ ಎಣ್ಣೆಯಿಂದ ಕರೆಂಟ್ ಬಿಲ್ಲಿನವರೆಗೆ

ನವಲಗುಂದ ಸೀಮೆಯ ನಮ್ಮ ಮನೆಯಲ್ಲಿ ಬೆಳಕಿನ ಬೆಲೆ ಕಣ್ಣಿಗೆ ಕಾಣುತ್ತಿತ್ತು. ರೇಷನ್ ಅಂಗಡಿಯಿಂದ ತಂದ ಚಿಮಣಿ ಎಣ್ಣೆ ಸೀಸೆಯಲ್ಲಿ ಎಷ್ಟು ಇಳಿಯಿತೆಂದು ಅವ್ವ ದಿನವೂ ನೋಡುತ್ತಿದ್ದಳು. ಹೆಚ್ಚು ಇಳಿದರೆ ಕಂದೀಲಿನ ಬತ್ತಿ ತಗ್ಗುತ್ತಿತ್ತು, ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಕರೆಂಟು ಬಂದ ಮೇಲೆ ಆ ಲೆಕ್ಕ ಮೀಟರಿನೊಳಗೆ ಅಡಗಿತು. 1957ರಲ್ಲಿ ಸ್ಥಾಪನೆಯಾದ ವಿದ್ಯುಚ್ಛಕ್ತಿ ಮಂಡಳಿಯ ಕಾಲದಲ್ಲಿ ದರ ಏರಿದರೆ ಜನ ನೇರವಾಗಿ ಸರಕಾರವನ್ನೇ ಬೈಯುತ್ತಿದ್ದರು. 1999ರ ಸುಧಾರಣಾ ಕಾಯ್ದೆಯು ದರ ನಿಗದಿಯನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಒಪ್ಪಿಸಿತು. 2002ರಲ್ಲಿ ನಮ್ಮ ಭಾಗದ ವಿತರಣೆ ಹೆಸ್ಕಾಂ ಪಾಲಿಗೆ ಬಂತು. ಬಿಲ್ಲಿನಲ್ಲಿ ಯೂನಿಟ್ಟಿನ ದರದ ಜೊತೆಗೆ ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ ಎಂಬ ಸಾಲುಗಳು ಸೇರಿದವು. ಎಲ್ಲೋ ಕಲ್ಲಿದ್ದಲು ತುಟ್ಟಿಯಾದರೆ ಅಣ್ಣಿಗೇರಿಯ ಮನೆಯ ಬಿಲ್ಲು ಏರುವುದು ಹೀಗೆ.

2023ರ ಮೇ ತಿಂಗಳಲ್ಲಿ ಆಯೋಗವು ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿ, ಏಪ್ರಿಲ್‌ನಿಂದಲೇ ಅನ್ವಯಿಸಿತು. ಹಿಂಬಾಕಿಯೂ ಕೂಡಿ ಜೂನ್ ಬಿಲ್ಲು ಜನರನ್ನು ಬೆಚ್ಚಿಬೀಳಿಸಿತು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ರಂದು ಬಂದ್‌ಗೆ ಕರೆ ನೀಡಿತು. ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂದು ಅನೇಕ ಮನೆಗಳ ಬಿಲ್ಲು ಸೊನ್ನೆಯಾಯಿತು, ಮಾತೂ ತಣ್ಣಗಾಯಿತು. ಆದರೆ ಆ ಸೊನ್ನೆಯ ಹಿಂದೆ ದರವಿದೆ, ಅದನ್ನು ಸರಕಾರ ಕಟ್ಟುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದ ಮನೆ ಪೂರ್ತಿ ಬಿಲ್ಲನ್ನು ತಾನೇ ಕಟ್ಟಬೇಕು.

ದರ ಏರಿಸುವ ಮುನ್ನ ಆಯೋಗ ಆಕ್ಷೇಪಣೆ ಆಹ್ವಾನಿಸಿ ಬಹಿರಂಗ ವಿಚಾರಣೆ ನಡೆಸುತ್ತದೆ. ಗ್ರಾಹಕರು ಯಾರೇ ಆದರೂ ಅಲ್ಲಿ ಮಾತನಾಡಬಹುದು. ಇಷ್ಟು ವರ್ಷ ನಿಮಗೆ ಬಡ್ಡಿ, ಶೇಕಡಾ ಲೆಕ್ಕ ಕಲಿಸಿದ ನಾನು ಆ ವಿಚಾರಣೆಗೆ ಒಮ್ಮೆಯೂ ಹೋಗಲಿಲ್ಲ.