ಮನೆಯೊಳಗಿನ ಕೋವಿ: ‘ಚಿಕ್ಕದು’ ಎಂಬ ಮಾತಿನ ಚರಿತ್ರೆ

(ನಮ್ಮ ಕನ್ನಡ ಕೂಟದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

ವೈದ್ಯನಾದವನು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರವನ್ನು ಬಿಟ್ಟು ಕೋವಿಯ ಚರಿತ್ರೆ ಹೇಳಲು ಹೊರಟಿರುವುದು ತಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವಾದ ಪ್ರಸಂಗವನ್ನೇ ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ದೀಪಾವಳಿಯ ಊಟದ ಸಾಲಿನಲ್ಲಿ ಯುವ ಮಿತ್ರರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಅವರ ಬಡಾವಣೆಯಲ್ಲಿ ಭಾರತೀಯರ ಎರಡು ಮನೆಗಳಿಗೆ ಕಳ್ಳರು ನುಗ್ಗಿ ಚಿನ್ನವನ್ನು ದೋಚಿದ್ದರು. “ಡಾಕ್ಟರೇ, ನೀವು ಮಲೆನಾಡಿನವರು, ಕೋವಿ ನೋಡಿ ಬೆಳೆದವರು. ದೊಡ್ಡ ಬಂದೂಕು ನಮಗೆ ಬೇಡ. ಭುಜಕ್ಕೆ ಒದೆಯದ, ನನ್ನ ಹೆಂಡತಿಯೂ ಹಿಡಿಯಬಹುದಾದ ಚಿಕ್ಕ ಬೋರಿನ ಶಾಟ್‌ಗನ್ ಒಂದು ಸಾಕು. ಇಪ್ಪತ್ತು ಗೇಜಿನದು ಕೊಳ್ಳಲೋ, ಫೋರ್-ಟೆನ್ ಕೊಳ್ಳಲೋ?” ಎಂದು ಕೇಳಿದರು. ಪಾಯಸದ ಬಟ್ಟಲು ಕೈಯಲ್ಲಿದ್ದಾಗ ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ. ಈ ಉಪನ್ಯಾಸವೇ ನನ್ನ ಉತ್ತರ.

ಕೋವಿ ನೋಡಿ ಬೆಳೆದವನೆಂಬುದು ನಿಜ. ನಮ್ಮ ಅಜ್ಜನ ಮನೆಯಲ್ಲಿ ಒಂಟಿ ನಳಿಗೆಯ ಕೋವಿಯೊಂದಿತ್ತು. ಅದಕ್ಕೆ ‘ಬೆಳೆ ರಕ್ಷಣೆ’ಯ ಪರವಾನಗಿ. ಗದ್ದೆಗೆ ಹಂದಿ ಬಿದ್ದಾಗ, ತೋಟಕ್ಕೆ ಮಂಗಗಳ ಹಿಂಡು ಬಂದಾಗ ಅದು ಗೋಡೆಯಿಂದ ಇಳಿಯುತ್ತಿತ್ತು. ಚುನಾವಣೆ ಘೋಷಣೆಯಾದೊಡನೆ ಅಜ್ಜ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀತಿ ತರುತ್ತಿದ್ದರು. ಕೋವಿ ಅಜ್ಜನದಾದರೂ ತೋಟೆಗಳ ಪೆಟ್ಟಿಗೆ ಅಜ್ಜಿಯ ಕೋಣೆಯಲ್ಲಿರುತ್ತಿತ್ತು. ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಕಳ್ಳರ ಭಯಕ್ಕೆಂದು ಆ ಕೋವಿಗೆ ರಾತ್ರಿ ತೋಟೆ ತುಂಬಿಸಿಟ್ಟದ್ದನ್ನು ನಾನು ಕಾಣೆ.

ನಮ್ಮ ನಾಡಿನಲ್ಲಿ ಮನೆಯ ಆಯುಧಕ್ಕೆ ದೀರ್ಘವಾದ ರಾಜಕೀಯ ಚರಿತ್ರೆಯಿದೆ. ಹಲಗಲಿಯ ಬೇಡರ ಲಾವಣಿಯನ್ನು ನಮ್ಮಲ್ಲನೇಕರು ಶಾಲೆಯಲ್ಲಿ ಓದಿದ್ದೇವೆ. 1857ರಲ್ಲಿ ಬ್ರಿಟಿಷ್ ಸರ್ಕಾರ ಪ್ರಜೆಗಳ ಆಯುಧಗಳನ್ನು ಕಸಿಯುವ ಕಾನೂನನ್ನು ತಂದಾಗ, ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಅದಾದ ನಾಲ್ಕೇ ವರ್ಷಗಳಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿಯಿತ್ತನು. ಒಂದೆಡೆ ಗಲ್ಲು, ಇನ್ನೊಂದೆಡೆ ವಿನಾಯಿತಿ! ಯಾರ ಮನೆಯಲ್ಲಿ ಆಯುಧವಿರಬೇಕೆಂಬುದನ್ನು ಆಳುವವನು ತನ್ನ ವಿಶ್ವಾಸ ಅವಿಶ್ವಾಸಗಳ ಲೆಕ್ಕದಲ್ಲಿ ನಿರ್ಧರಿಸುತ್ತಿದ್ದನು. 1878ರ ಆಯುಧ ಕಾಯಿದೆ ಈ ಭೇದವನ್ನು ಇಡೀ ದೇಶಕ್ಕೆ ಹರಡಿತು. ಕೊಡಗಿನ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿ ಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುವ ಕೊಡಗಿನಲ್ಲಿ ಅದು ಕುಲದ ಸ್ವತ್ತು, ಹಿರಿಯರ ಕಣ್ಣಳತೆಯಲ್ಲಿರುವ ವಸ್ತು.

‘ಚಿಕ್ಕ ಬೋರು’ ಎಂಬ ಮಾತೂ ಈ ಚರಿತ್ರೆಯಲ್ಲಿ ಬರುತ್ತದೆ. ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್‌ಗಳ ನಳಿಗೆಯನ್ನು ನುಣುಪಾಗಿ ಕೊರೆದು, ಮದ್ದುಗುಂಡಿನ ಕೋಶವನ್ನು ಮುಚ್ಚಿ, ಒಂದು ಬಾರಿಗೆ ಒಂದೇ ತೋಟೆ ಹಾಕಬಹುದಾದ .410 ಬೋರಿನ ಕೋವಿಗಳನ್ನಾಗಿ ಮಾರ್ಪಡಿಸಿ ಪೊಲೀಸರಿಗೂ ಕಾವಲುಗಾರರಿಗೂ ಕೊಡುತ್ತಿದ್ದರು. ಯುದ್ಧದ ಆಯುಧವನ್ನು ಕುಗ್ಗಿಸಿ ಕಾವಲಿನ ಆಯುಧ ಮಾಡಿದ್ದು ಹೀಗೆ.

ಈ ಅಳತೆಗಳ ಅರ್ಥವೇನು? ಒಂದು ಪೌಂಡು ಸೀಸವನ್ನು ಸಮನಾದ ಹನ್ನೆರಡು ಗುಂಡುಗಳಾಗಿ ಎರಕ ಹೊಯ್ದರೆ, ಅಂಥ ಒಂದು ಗುಂಡು ಸರಿಯಾಗಿ ಕೂರುವ ನಳಿಗೆಯೇ 12 ಗೇಜಿನದು. ಇಪ್ಪತ್ತು ಗುಂಡುಗಳಾದರೆ 20 ಗೇಜು. ಆದುದರಿಂದಲೇ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು. 12 ಗೇಜಿನ ವ್ಯಾಸ ಸುಮಾರು 18.5 ಮಿಲಿಮೀಟರ್, 20 ಗೇಜಿನದು 15.6, 28 ಗೇಜಿನದು 14. ಫೋರ್-ಟೆನ್ ಮಾತ್ರ ಗೇಜಿನ ಲೆಕ್ಕಕ್ಕೆ ಸೇರದು. ಅದು ಇಂಚಿನ ಅಳತೆ,.410 ಇಂಚು, ಅಂದರೆ 10.4 ಮಿಲಿಮೀಟರ್. ಬ್ರಿಟನ್ನಿನ 1868ರ ನಳಿಗೆ ಪರೀಕ್ಷಾ ಕಾಯಿದೆ ಇಂಥ ಅಳತೆಗಳನ್ನು ಕೋಷ್ಟಕವಾಗಿ ಶಾಸನಬದ್ಧಗೊಳಿಸಿತು.

ಈಗ ತೂಕವನ್ನು ನೋಡೋಣ. ಸಾಮಾನ್ಯವಾದ 12 ಗೇಜಿನ ತೋಟೆಯೊಂದರಲ್ಲಿ ಸುಮಾರು 32 ಗ್ರಾಂ ಚರೆಯಿದ್ದರೆ, 20 ಗೇಜಿನದರಲ್ಲಿ 25 ಗ್ರಾಂ, ಫೋರ್-ಟೆನ್‌ನ ಗಿಡ್ಡ ತೋಟೆಯಲ್ಲಿ 14 ಗ್ರಾಂ. ಪೊಲೀಸರ ಸೊಂಟದ 9 ಮಿಲಿಮೀಟರ್ ಪಿಸ್ತೂಲಿನ ಒಂದು ಗುಂಡಿನ ತೂಕ ಸುಮಾರು 8 ಗ್ರಾಂ. ಹಾಗಾದರೆ ‘ಚಿಕ್ಕದು’ ಎನಿಸಿಕೊಂಡ ಫೋರ್-ಟೆನ್, ಪಿಸ್ತೂಲಿನ ಗುಂಡಿಗಿಂತ ಹೆಚ್ಚು ಸೀಸವನ್ನು ಹೆಚ್ಚು ಕಡಿಮೆ ಅದೇ ವೇಗದಲ್ಲಿ ಎಸೆಯುತ್ತದೆ. ಮೂವತ್ತು ಗಜ ದೂರದ ಹಕ್ಕಿಗೆ ಚರೆ ಹರಡಿ ತಗುಲುತ್ತದೆ. ಒಂದು ಕೋಣೆಯ ಅಗಲದಲ್ಲಿ ಅದಿನ್ನೂ ಹರಡಿರುವುದಿಲ್ಲ, ಒಂದೇ ಮುದ್ದೆಯಾಗಿ ದೇಹವನ್ನು ಹೊಗುತ್ತದೆ. ಹೆಸರಿನ ಚಿಕ್ಕತನ ಬಯಲಿನದು. ಮಲಗುವ ಕೋಣೆಯಲ್ಲಿ ಅದು ಇಲ್ಲವಾಗುತ್ತದೆ.

ಇನ್ನು ನಾವು ಬಂದು ನೆಲೆಸಿದ ಅಮೆರಿಕದ ಚರಿತ್ರೆ. 1792ರ ನಾಗರಿಕ ಸೇನೆಯ ಶಾಸನದಂತೆ 18ರಿಂದ 45ರ ಹರೆಯದ ಸ್ವತಂತ್ರ ಬಿಳಿಯ ಗಂಡಸರು ತಮ್ಮದೇ ಬಂದೂಕನ್ನು ಇಟ್ಟುಕೊಳ್ಳಬೇಕಿತ್ತು. ಮನೆಯ ಬಂದೂಕು ಊರಿನ ರಕ್ಷಣೆಗೆ ಮೀಸಲು. ಗುಲಾಮಗಿರಿ ಅಳಿದ 1865ರಲ್ಲಿ ಮಿಸಿಸಿಪ್ಪಿಯ ಶಾಸನಸಭೆ, ಬಿಡುಗಡೆಗೊಂಡ ಕಪ್ಪು ಜನರು ಅನುಮತಿಯಿಲ್ಲದೆ ಬಂದೂಕು ಇಡಬಾರದೆಂದಿತು. ಹಲಗಲಿಯನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. 1892ರಲ್ಲಿ ಪತ್ರಕರ್ತೆ ಐಡಾ ಬಿ. ವೆಲ್ಸ್, ಕಪ್ಪು ಜನರ ಪ್ರತಿ ಮನೆಯಲ್ಲೂ ವಿಂಚೆಸ್ಟರ್ ರೈಫಲ್ ಇರಬೇಕೆಂದು ಬರೆದಳು. ಗುಂಪುಗೂಡಿ ಮನೆಯಿಂದ ಎಳೆದೊಯ್ದು ಕೊಲ್ಲುತ್ತಿದ್ದ ಕಾಲವದು. ಪೊಲೀಸರು ಬರುವ ಭರವಸೆಯೇ ಇರಲಿಲ್ಲ. ಮನೆಯಲ್ಲಿ ಬಂದೂಕು ಇಡುವವರೆಲ್ಲರೂ ಅವಿವೇಕಿಗಳೆಂದು ಹೇಳಹೊರಟವರು ಈ ಪುಟವನ್ನು ಓದಬೇಕು.

ಹಳ್ಳಿಗಾಡಿನಲ್ಲಿ ಮಾತ್ರ ಒಂಟಿ ನಳಿಗೆಯ ಚಿಕ್ಕ ಶಾಟ್‌ಗನ್ ನಮ್ಮ ಅಜ್ಜನ ಕೋವಿಯ ಸೋದರನೇ ಆಗಿತ್ತು. ಹಾವು, ನರಿ, ಅಳಿಲುಗಳಿಗೆಂದು ಅಂಚೆಯಲ್ಲಿ ತರಿಸಿಕೊಳ್ಳಬಹುದಾಗಿತ್ತು. 1968ರ ಬಂದೂಕು ನಿಯಂತ್ರಣ ಶಾಸನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಂಚೆಯ ಮೂಲಕ ನಡೆಯುತ್ತಿದ್ದ ಆ ಮಾರಾಟವನ್ನು ನಿಲ್ಲಿಸಿತು. 1999ರ ಸಮೀಕ್ಷೆಯೊಂದರಲ್ಲಿ ಬಂದೂಕುಳ್ಳವರ ಪೈಕಿ ಶೇಕಡಾ 49 ಮಂದಿ ಬೇಟೆಯೇ ಮುಖ್ಯ ಕಾರಣವೆಂದರು, ಶೇಕಡಾ 26 ಮಂದಿ ರಕ್ಷಣೆ ಎಂದರು. 2013ರಲ್ಲಿ ಪ್ಯೂ ಸಂಸ್ಥೆ ಅದೇ ಪ್ರಶ್ನೆಯನ್ನು ಕೇಳಿದಾಗ ರಕ್ಷಣೆ ಎಂದವರು ಶೇಕಡಾ 48, ಬೇಟೆ ಎಂದವರು 32. ಹದಿನಾಲ್ಕೇ ವರ್ಷಗಳಲ್ಲಿ ಕೋವಿ ತೋಟದಿಂದ ಹಾಸಿಗೆಯ ಬದಿಗೆ ಬಂದಿತು. ತೋಟದ ಕೋವಿ ಖಾಲಿಯಾಗಿ ಗೋಡೆಯ ಮೇಲಿರಬಹುದು. ಹಾಸಿಗೆಯ ಬದಿಯ ಕೋವಿ ತುಂಬಿರುತ್ತದೆ, ಕೈಗೆ ಎಟಕುತ್ತದೆ. ಯಾರ ಕೈಗೆ ಎಂಬುದೇ ಪ್ರಶ್ನೆ.

ನಾನು ಈ ದೇಶದಲ್ಲಿ ರೆಸಿಡೆನ್ಸಿ ಮಾಡಿದ್ದು 1990ರ ದಶಕದಲ್ಲಿ, ಮಧ್ಯಪಶ್ಚಿಮದ ಒಂದು ನಗರದ ಆಸ್ಪತ್ರೆಯಲ್ಲಿ. ಒಂದು ಶನಿವಾರ ಸಂಜೆ ಒಂಬತ್ತು ವರ್ಷದ ಹುಡುಗನನ್ನು ತುರ್ತು ವಿಭಾಗಕ್ಕೆ ತಂದರು. ತಂದೆತಾಯಿ ಹೊರಗೆ ಹೋಗಿದ್ದಾಗ ಹನ್ನೆರಡು ವರ್ಷದ ಅಣ್ಣ ಬಟ್ಟೆಯ ಕಪಾಟಿನಿಂದ ಶಾಟ್‌ಗನ್ ತೆಗೆದು ತಮ್ಮನಿಗೆ ತೋರಿಸುತ್ತಿದ್ದನಂತೆ. ಅದು ಫೋರ್-ಟೆನ್. ನಾವು ಸುಮಾರು ಎರಡು ಗಂಟೆಗಳ ಕಾಲ ಶ್ರಮಿಸಿದೆವು. ಆಮೇಲೆ ತಂದೆಗೆ ವಿಷಯ ತಿಳಿಸಲು ಹಿರಿಯ ವೈದ್ಯರೊಡನೆ ನಾನೂ ಹೋದೆ. ಆತ ಅಳಲಿಲ್ಲ. “ಅದು ಚಿಕ್ಕದು. ಚಿಕ್ಕದೆಂದೇ ತಂದದ್ದು” ಎಂದು ನಾಲ್ಕೈದು ಬಾರಿ ಹೇಳಿದ. ಮೂಲೆಯ ಕುರ್ಚಿಯಲ್ಲಿ ಅಣ್ಣ ಕುಳಿತಿದ್ದ. ಅವನ ಕಾಲು ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ನನ್ನ ವೃತ್ತಿಜೀವನದಲ್ಲಿ ಅನೇಕ ಸಾವುಗಳನ್ನು ಕಂಡಿದ್ದೇನೆ. ಬದುಕಿ ಉಳಿದ ಆ ಅಣ್ಣನನ್ನು ಇಂದಿಗೂ ಮರೆತಿಲ್ಲ.

ಒಂದು ಪ್ರಸಂಗ ಶಾಸ್ತ್ರವಾಗದು. ಆದರೆ ಅದೇ ಕಾಲದಲ್ಲಿ ಶಾಸ್ತ್ರವೂ ಮಾತನಾಡಿತು. ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ 1992ರಲ್ಲಿ ಮನೆಯೊಳಗಿನ ಆತ್ಮಹತ್ಯೆಗಳನ್ನೂ, 1993ರಲ್ಲಿ ಮನೆಯೊಳಗಿನ ಕೊಲೆಗಳನ್ನೂ ಕುರಿತು ಬರೆದರು. ಬಂದೂಕಿರುವ ಮನೆಯಲ್ಲಿ ಆತ್ಮಹತ್ಯೆಯ ಸಂಭವ 4.8 ಪಟ್ಟು, ಕೊಲೆಯ ಸಂಭವ 2.7 ಪಟ್ಟು ಹೆಚ್ಚೆಂದು ಕಂಡುಬಂದಿತು. ಕೊಂದವರಲ್ಲಿ ಬಹುಮಂದಿ ಮನೆಯವರೋ ಪರಿಚಿತರೋ ಆಗಿದ್ದರು. ಅಪಾಯವಿದ್ದ ಮನೆಯವರೇ ಬಂದೂಕು ತಂದಿರಬಹುದಲ್ಲವೇ ಎಂಬ ಆಕ್ಷೇಪಣೆ ಬಂದಿತು; ಅದು ಯೋಗ್ಯವಾದ ಆಕ್ಷೇಪಣೆಯೇ. ಅದಕ್ಕೆ ಉತ್ತರ ಹೆಚ್ಚಿನ ಸಂಶೋಧನೆಯಿಂದ ದೊರೆಯಬೇಕಿತ್ತು. ಆದರೆ 1996ರಲ್ಲಿ ಕಾಂಗ್ರೆಸ್ ವಿಧಿಸಿದ ಷರತ್ತಿನಿಂದ ಸರ್ಕಾರದ ಹಣ ಬಹುತೇಕ ನಿಂತಿತು. 2019ರ ಕೊನೆಯಲ್ಲಷ್ಟೇ 2.5 ಕೋಟಿ ಡಾಲರ್ ಮಂಜೂರಾಯಿತು. ಈ ನಡುವೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಅಜ್ಜಿಯನ್ನು ನೆನಪಿಸುವಂಥದು: ಬಂದೂಕನ್ನು ಖಾಲಿ ಇಡುವುದು, ಬೀಗ ಹಾಕುವುದು, ತೋಟೆಗಳನ್ನು ಬೇರೆಡೆ ಇಡುವುದು, ಅದಕ್ಕೂ ಬೀಗ ಹಾಕುವುದು, ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳ ಮತ್ತು ಹದಿಹರೆಯದವರ ಸಾವುನೋವು ಕಡಿಮೆಯಿರುವುದರೊಡನೆ ಹೊಂದಿಕೊಂಡಿತ್ತು. 2020ರಲ್ಲಿ ಈ ದೇಶದ 1ರಿಂದ 19 ವರ್ಷದವರ ಸಾವಿಗೆ ವಾಹನ ಅಪಘಾತವನ್ನೂ ಮೀರಿ ಬಂದೂಕೇ ಮೊದಲ ಕಾರಣವಾಯಿತು.

ನಮ್ಮ ಸಮಾಜದಲ್ಲಿ ಬಾಯಿಬಿಟ್ಟು ಆಡದ ಮಾತೊಂದನ್ನು ಇಲ್ಲಿ ಆಡಲೇಬೇಕು. ಅಂಕಗಳ ಒತ್ತಡ, ಎರಡು ಸಂಸ್ಕೃತಿಗಳ ನಡುವಿನ ಒಂಟಿತನ, ಮನೆಯಲ್ಲಿ ಹೇಳಲಾಗದ ಸಂಕಟ ನಮ್ಮ ಮಕ್ಕಳಿಗೂ ಇವೆ. ಸಾಯಬೇಕೆನ್ನುವ ಆವೇಗ ಅನೇಕರಲ್ಲಿ ಅಲ್ಪಕಾಲದ್ದು. ಅದು ಕಳೆದು ಬದುಕಿದವರಲ್ಲಿ ಬಹುಪಾಲು ಜನ ಮುಂದೆ ಬಾಳುತ್ತಾರೆ. ಬಂದೂಕು ಆ ಕಾಲಾವಕಾಶವನ್ನು ಕೊಡುವುದಿಲ್ಲ. ಮನೆಯಲ್ಲಿ ಯಾರ ಮನಸ್ಸಾದರೂ ಕುಗ್ಗಿದ್ದರೆ ಬಂದೂಕನ್ನು ಮನೆಯಿಂದ ಹೊರಗಿಡಿ. ಅಮೆರಿಕದಲ್ಲಿ 2022ರ ಜುಲೈಯಿಂದ 988 ಎಂಬ ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು.

ಬಾಗಿಲಾಚೆಯ ಅಪರಿಚಿತನ ವಿಷಯವೂ ಇದೆ. 1992ರ ಅಕ್ಟೋಬರ್ 17ರಂದು ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಯೊಶಿಹಿರೊ ಹಟ್ಟೋರಿ ಎಂಬ ಹದಿನಾರರ ಜಪಾನೀ ವಿದ್ಯಾರ್ಥಿ ಹ್ಯಾಲೋವೀನ್ ಔತಣಕ್ಕೆಂದು ಹೊರಟು ತಪ್ಪು ಮನೆಯ ಗಂಟೆಯೊತ್ತಿದ. ಮನೆಯೊಡೆಯ ರಿವಾಲ್ವರ್ ಹಿಡಿದು “ಫ್ರೀಜ್” ಎಂದು ಕೂಗಿದ. ಅದು ‘ಅಲ್ಲಾಡಬೇಡ’ ಎಂಬ ಆಜ್ಞೆಯೆಂದು ಹುಡುಗನಿಗೆ ತಿಳಿದಂತಿರಲಿಲ್ಲ. ಮುಂದೆ ಬಂದವನು ಗುಂಡಿಗೆ ಬಲಿಯಾದ. 1993ರಲ್ಲಿ ಜ್ಯೂರಿ ಮನೆಯೊಡೆಯನನ್ನು ಬಿಡುಗಡೆ ಮಾಡಿತು. 1994ರಲ್ಲಿ ಸಿವಿಲ್ ನ್ಯಾಯಾಲಯ ಪರಿಹಾರ ವಿಧಿಸಿತು. ಊರಿನಿಂದ ಬಂದ ನಮ್ಮ ತಂದೆತಾಯಿಗಳು ಬೆಳಗಿನ ವಾಯುವಿಹಾರದಲ್ಲಿ ಒಂದೇ ಬಗೆಯ ಮನೆಗಳ ನಡುವೆ ದಾರಿ ತಪ್ಪಿ ಯಾರದೋ ಗಂಟೆ ಒತ್ತುವುದುಂಟು. ನಾವು ಬಾಗಿಲಿನ ಎರಡೂ ಬದಿಯಲ್ಲಿ ನಿಲ್ಲುವ ಜನ.

ಈಗ ಆ ಮಿತ್ರರ ಪ್ರಶ್ನೆಗೆ ಬರುತ್ತೇನೆ. ಕಾನೂನನ್ನು ಮೊದಲು ನೋಡಿಕೊಳ್ಳಿ: 1998ರಿಂದ ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದವರು ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿಲ್ಲದೆ ಬಂದೂಕು ಹೊಂದುವುದು ಅಪರಾಧ. ಹಸಿರು ಚೀಟಿಯವರಿಗೆ ಈ ತಡೆಯಿಲ್ಲ, ಆದರೆ ರಾಜ್ಯ ರಾಜ್ಯಕ್ಕೂ ನಿಯಮ ಬೇರೆ. ಮಕ್ಕಳ ಕೈಗೆ ಎಟಕುವಂತೆ ಬಂದೂಕಿಟ್ಟವರನ್ನು ಹೊಣೆಯಾಗಿಸುವ ಶಾಸನವನ್ನು 1989ರಲ್ಲಿ ಫ್ಲಾರಿಡಾ ಮೊದಲು ತಂದಿತು; ಅನೇಕ ರಾಜ್ಯಗಳು ಅದನ್ನು ಅನುಸರಿಸಿವೆ. ಎರಡನೆಯದಾಗಿ, ನಿಮ್ಮ ಮನೆಯ ಗೋಡೆಯನ್ನು ನೋಡಿ. ಅಜ್ಜನ ಮನೆಯದು ಜಂಬಿಟ್ಟಿಗೆಯ ಗೋಡೆ. ಇಲ್ಲಿಯದು ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ. ದಪ್ಪ ಚರೆ ಅಂಥ ಗೋಡೆಗಳನ್ನು ಒಂದರ ಹಿಂದೊಂದರಂತೆ ದಾಟುತ್ತದೆ. ಆಚೆ ಕೋಣೆಯಲ್ಲಿ ಮಲಗಿರುವವರು ನಿಮ್ಮ ಮಕ್ಕಳು. ಮೂರನೆಯದಾಗಿ, ಬೀಗದ ಕೈ ಯಾರಲ್ಲಿರುತ್ತದೆಂದು ಗಂಡಹೆಂಡಿರು ಮೊದಲು ತೀರ್ಮಾನಿಸಿ. ಇದಕ್ಕೆ ಉತ್ತರವಿಲ್ಲದಿದ್ದರೆ ಗೇಜಿನ ಚರ್ಚೆ ವ್ಯರ್ಥ. ಉತ್ತರವಿದ್ದರೆ 20 ಗೇಜೋ ಫೋರ್-ಟೆನ್ನೋ ಎಂಬುದು ಭುಜದ ಅನುಕೂಲದ ಮಾತಷ್ಟೇ.

ಆ ಮಿತ್ರರ ಮನೆಯಲ್ಲಿ ಹದಿಮೂರು ವರ್ಷದ ಮಗನಿದ್ದಾನೆ. ಅವರು ಚಿನ್ನವನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು, ಹಿಂಬಾಗಿಲಿಗೆ ಗಟ್ಟಿ ಅಗುಳಿ ಹಾಕಿಸಿ, ಅಂಗಳಕ್ಕೆ ದೀಪ ಹಾಕಿಸಿದ್ದಾರೆ. ಬಂದೂಕಿನ ವಿಚಾರವನ್ನು ಮಗ ಕಾಲೇಜಿಗೆ ಹೋಗುವವರೆಗೆ ಮುಂದೂಡಿದ್ದಾರೆ. ನಾನು ಒತ್ತಾಯಿಸಲಿಲ್ಲ, ಕಪಾಟಿನ ಕತೆಯನ್ನು ಹೇಳಿದೆ, ಅಷ್ಟೆ.

ಅಜ್ಜ ತೀರಿಕೊಂಡ ಮೇಲೆ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಲಾಯಿತು. ಅಜ್ಜಿಯ ಪೆಟ್ಟಿಗೆ ಈಗಲೂ ಊರಿನ ಮನೆಯಲ್ಲಿದೆ, ಅದರಲ್ಲಿ ಅಡಿಕೆ ಕತ್ತರಿಯೂ ಹಳೆಯ ಪಂಚಾಂಗಗಳೂ ಇವೆ.