ನಾಯಿಗಳ ಉಣ್ಣೆ ಜ್ವರ: ಲೈಮ್‌ಗಿಂತ ಎರ್ಲಿಕಿಯಾ ಅಪಾಯಕಾರಿ

ರಾಯಚೂರು: ಉಣ್ಣೆ ಕಚ್ಚಿದ ನಾಯಿಗೆ ಜ್ವರ ಬಂದರೆ ವಿದೇಶಿ ಮಾಹಿತಿ ಓದಿದವರು ಮೊದಲು ಶಂಕಿಸುವುದು ಲೈಮ್ ಕಾಯಿಲೆಯನ್ನು. ಆದರೆ ಜಿಲ್ಲೆಯ ತುರ್ವಿಹಾಳದಂತಹ ಬಿಸಿಲು ನಾಡಿನ ಊರುಗಳಲ್ಲಿ ಹೊಲ, ಹಟ್ಟಿ ಕಾಯುವ ನಾಯಿಗಳನ್ನು ಹೆಚ್ಚಾಗಿ ಬಾಧಿಸುವುದು ಎರ್ಲಿಕಿಯಾ ಮತ್ತು ಬಬೇಸಿಯಾ ಸೋಂಕುಗಳು.

ಲೈಮ್ ರೋಗಾಣು ಬೊರೇಲಿಯಾವನ್ನು ವಿಲ್ಲಿ ಬರ್ಗ್‌ಡಾರ್ಫರ್ ತಂಡವು 1982ರಲ್ಲಿ ಪ್ರಕಟಪಡಿಸಿತು. ಅದನ್ನು ಹರಡುವ ಇಕ್ಸೋಡಿಸ್ ಜಾತಿಯ ಉಣ್ಣೆಗೆ ತೇವಭರಿತ ಕಾಡು ಬೇಕು. ಎರ್ಲಿಕಿಯಾ ಹರಡುವ ಕಂದು ಉಣ್ಣೆಯಾದರೋ ಒಣ ಹವೆಯಲ್ಲೂ ಬದುಕಿ, ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಎರ್ಲಿಕಿಯಾ ಕೇನಿಸ್ 1935ರಲ್ಲಿ ಅಲ್ಜೀರಿಯಾದಲ್ಲಿ ಪತ್ತೆಯಾಯಿತು. ಬಬೇಸಿಯಾ ಗಿಬ್ಸೋನಿಯನ್ನು 1910ರಲ್ಲಿ ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಮೊದಲು ವರ್ಣಿಸಲಾಯಿತು.

ಲಕ್ಷಣಗಳೇನು?

ಎರ್ಲಿಕಿಯಾದಲ್ಲಿ ಸೋಂಕು ತಗುಲಿದ ಒಂದರಿಂದ ಮೂರು ವಾರಗಳಲ್ಲಿ ಜ್ವರ, ನಿತ್ರಾಣ, ಹಸಿವಿಲ್ಲದಿರುವಿಕೆ ಕಾಣಿಸುತ್ತವೆ. ಪ್ಲೇಟ್‌ಲೆಟ್ ಕುಸಿದು ಮೂಗು, ಒಸಡಿನಿಂದ ರಕ್ತ ಸುರಿಯಬಹುದು. ಬಬೇಸಿಯಾದಲ್ಲಿ ಕೆಂಪು ರಕ್ತಕಣಗಳು ನಾಶವಾಗಿ ಒಸಡು ಬಿಳಿಚುತ್ತದೆ, ಮೂತ್ರ ಕಡುಬಣ್ಣಕ್ಕೆ ತಿರುಗಬಹುದು. ಲೈಮ್‌ನಲ್ಲಿ ಕುಂಟುವಿಕೆ, ಕೀಲೂತ ಪ್ರಧಾನ.

ಪರೀಕ್ಷೆ ಹೇಗೆ?

ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಗ್ಗದ ವಿಧಾನ. ಆದರೆ ರೋಗಾಣು ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಪ್ರತಿಕಾಯ ಆಧಾರಿತ ಕಿಟ್‌ಗಳು ಕೆಲವೇ ನಿಮಿಷಗಳಲ್ಲಿ ಎರ್ಲಿಕಿಯಾ, ಲೈಮ್‌ಗಳ ಸುಳಿವು ನೀಡುತ್ತವೆ. ಪ್ರತಿಕಾಯವು ಹಳೆಯ ಸೋಂಕಿನಿಂದಲೂ ಉಳಿದಿರಬಹುದು. ಸೋಂಕು ಹೊಸದಾದರೆ ಇನ್ನೂ ಮೂಡದಿರಬಹುದು. ಬಬೇಸಿಯಾಗೆ ಬೇರೆ ಪರೀಕ್ಷೆಯೇ ಬೇಕು. ಪಿಸಿಆರ್ ಹೆಚ್ಚು ನಿಖರ.

ಚಿಕಿತ್ಸೆ

ಎರ್ಲಿಕಿಯಾ ಮತ್ತು ಲೈಮ್ ಎರಡಕ್ಕೂ ಡಾಕ್ಸಿಸೈಕ್ಲಿನ್ ಪ್ರಮುಖ ಔಷಧ. ಸಾಮಾನ್ಯವಾಗಿ ಇದನ್ನು 28 ದಿನ ನೀಡಲಾಗುತ್ತದೆ. ಒಂದೆರಡು ದಿನದಲ್ಲಿ ಜ್ವರ ಇಳಿದೊಡನೆ ಮಾತ್ರೆ ನಿಲ್ಲಿಸುವುದೇ ದೊಡ್ಡ ಅಪಾಯ. ಉಳಿದ ಸೋಂಕು ದೀರ್ಘಕಾಲೀನವಾಗಿ ಅಸ್ಥಿಮಜ್ಜೆಯನ್ನು ಕೆಡಿಸಿದರೆ ನಾಯಿ ಚೇತರಿಸಿಕೊಳ್ಳುವುದು ಕಷ್ಟ. ಬಬೇಸಿಯಾಗೆ ಡಾಕ್ಸಿಸೈಕ್ಲಿನ್ ಒಂದರಿಂದಲೇ ಪರಿಹಾರವಿಲ್ಲ. ಅದಕ್ಕೆ ಪ್ರಭೇದವನ್ನು ಗುರುತಿಸಿ ಇಮಿಡೋಕಾರ್ಬ್ ಚುಚ್ಚುಮದ್ದು ಅಥವಾ ಅಟೊವಾಕ್ವೋನ್–ಅಜಿತ್ರೊಮೈಸಿನ್ ಜೋಡಿ ನೀಡಲಾಗುತ್ತದೆ. ತೀವ್ರ ರಕ್ತಹೀನತೆಯಲ್ಲಿ ರಕ್ತಪೂರಣ ಬೇಕಾಗಬಹುದು. ಮನುಷ್ಯರ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು, ಮನೆಯಲ್ಲೇ ಕೊಡಕೂಡದು.

ತಡೆಯುವುದೇ ಲೇಸು

ದಿನವೂ ಕಿವಿ, ಕುತ್ತಿಗೆ, ಕಾಲ್ಬೆರಳ ಸಂದಿಗಳನ್ನು ಪರೀಕ್ಷಿಸಬೇಕು. ಉಣ್ಣೆಯನ್ನು ಬರಿಗೈಯಿಂದ ಹಿಸುಕದೆ, ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆಯಬೇಕು. ಸುಡುವುದು, ಸೀಮೆಎಣ್ಣೆ ಹಚ್ಚುವುದು ಸಲ್ಲದು. ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಲೈಮ್‌ಗೆ ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಬೇಕು. ಆದ್ದರಿಂದ ಪಶುವೈದ್ಯರು ಸೂಚಿಸಿದ ಉಣ್ಣೆ ನಿರೋಧಕವನ್ನು ವರ್ಷವಿಡೀ ಬಳಸುವುದು ಹಾಗೂ ನಾಯಿ ಮಲಗುವ ಜಾಗ, ಗೋಡೆ ಬಿರುಕುಗಳನ್ನು ಸ್ವಚ್ಛಗೊಳಿಸುವುದು ಒಟ್ಟಿಗೇ ನಡೆಯಬೇಕು. ಜ್ವರ ಕಂಡರೆ ರಕ್ತಸ್ರಾವ ಆರಂಭವಾಗುವವರೆಗೆ ಕಾಯದೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯುವುದು ಸೂಕ್ತ.