ಬಗ್ಗಬೇಕಾದವರು ಯಾರು?

ನಂದಿದುರ್ಗ ಅಂದಕೂಡಲೆ ಬೆಟ್ಟ, ಟಿಪ್ಪುವಿನ ಕೋಟೆ, ರಜಾದಿನದ ಮೋಜು ನೆನಪಾಗುವವರೇ ಹೆಚ್ಚು. ಅದೇ ಹೆಸರಿನ ಇನ್ನೊಂದು ನಂದಿದುರ್ಗ ನೆಲದೊಳಗೆ ಇತ್ತು. ಬಂಗಾರಪೇಟೆಯಿಂದ ಕವಲೊಡೆದ ರೈಲುಹಾದಿ ಮುಟ್ಟುವ ಕೋಲಾರ ಚಿನ್ನದ ಗಣಿಗಳಲ್ಲಿ ಅದೂ ಒಂದು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಚೇರಿಗಳ ಜನ ಕೂಲಿಗಾಗಿ ನೆಲದೊಳಕ್ಕೆ ಇಳಿದರು.

ಅವರ ನೆತ್ತಿಯ ಮೇಲೆ ನಿಂತ ಬಿಳಿಯರಲ್ಲಿ ಬಹಳ ಮಂದಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರು. ಇವರ ಕಥೆಯನ್ನು ಸ್ವಲ್ಪ ಕೇಳಬೇಕು. ಅವರ ತಾತ ಮುತ್ತಾತಂದಿರೂ ತವರ, ತಾಮ್ರದ ಗಣಿಗಳ ಬಡ ಕೂಲಿಗಳೇ. ಜಾನ್ ವೆಸ್ಲಿ ಎಂಬ ಪಾದ್ರಿ ಚರ್ಚಿನ ಗೋಡೆ ಬಿಟ್ಟು ಬಯಲಿಗೆ ಬಂದು ಅಂಥವರಿಗೆ ಬೋಧಿಸಿದ. ಗ್ವೆನಪ್ ಎಂಬಲ್ಲಿ ಒಂದು ದೊಡ್ಡ ತಗ್ಗು ಇದೆ, ಗಣಿ ಕುಸಿದು ಆದದ್ದು ಅಂತಾರೆ. 1762ರಿಂದ ಆತ ಆ ತಗ್ಗಿಗೆ ಮತ್ತೆ ಮತ್ತೆ ಬಂದು ಮಾತಾಡಿದ. 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕವನ್ನೂ ಬರೆದ. ಆ ಬೋಧನೆ ಕೇಳಿದ ಸೀಮೆಯ ಮಕ್ಕಳು ಹಡಗು ಹತ್ತಿ ಇಲ್ಲಿಗೆ ಬಂದಮೇಲೆ 'ದೊರೆ'ಗಳಾಗಿಬಿಟ್ಟರು! ಅವರಿಗೆ ಬಂಗಲೆ, ಕ್ಲಬ್ಬು. ಕೂಲಿಗೆ ಬಿದಿರುತಟ್ಟಿಯ ಗುಡಿಸಲು. ಕೂಲಿಗಳಲ್ಲೂ ಕ್ರೈಸ್ತರಿದ್ದರು. ಭಾನುವಾರ ದೊರೆಯೂ ಕೂಲಿಯೂ ಕೇಳುತ್ತಿದ್ದದ್ದು ಒಂದೇ ಯೇಸುವಿನ ಕಥೆ.

ಆ ಕಥೆಯಲ್ಲಿ ಅಧಿಕಾರಕ್ಕೆ ಇಕ್ಕಟ್ಟು ತರುವ ಒಂದು ಪ್ರಸಂಗ ಇದೆ. ಸಾಯುವ ಹಿಂದಿನ ರಾತ್ರಿ ಯೇಸು ಊಟದಿಂದೆದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದ. ಆ ಕಾಲಕ್ಕೆ ಅದು ಗುಲಾಮರ ಚಾಕರಿ. ಪೇತ್ರ ಎಂಬ ಶಿಷ್ಯ ಬೇಡವೇ ಬೇಡ ಎಂದು ಹಟ ಹಿಡಿದ. ನಮ್ಮಲ್ಲಿ ನೋಡಿ: ಶಿಷ್ಯ ಗುರುವಿನ ಕಾಲು ತೊಳೀತಾನೆ, ಆ ನೀರನ್ನೂ ಕುಡೀತಾನೆ. ಅಲ್ಲಿ ಗುರುವೇ ಕೂತು ತೊಳೆದ. ನನಗೆ ಕಾಣುವಂತೆ, ಕ್ರೈಸ್ತರ ವಿನಯ ಅಂದರೆ ಮೇಲಿರುವವನು ಹೊರಬೇಕಾದ ಹೊರೆ. ಅದನ್ನೇ ಕೆಳಗಿರುವವನ ತಲೆಗೆ ಕಟ್ಟಿದರೆ ದೈನ್ಯ ಆಗುತ್ತದೆ. ಹುಟ್ಟಿದಾಗಿನಿಂದ ಬೆನ್ನು ಬಗ್ಗಿಸಿದವನಿಗೆ 'ಇನ್ನೂ ಬಗ್ಗು' ಅನ್ನೋದರಲ್ಲಿ ಯಾವ ಧರ್ಮ ಇದೆ ಸ್ವಾಮಿ?

ಚರ್ಚಿಗೇ ಈ ಪಾಠ ಸುಲಭವಾಗಿ ಅರಗಲಿಲ್ಲ. ಗಣಿಕೂಲಿಗಳ ಪೂರ್ವಿಕರ ತಮಿಳು ಸೀಮೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಅಲ್ಲಿನ ಜೆಸ್ವಿತ್ ಪಾದ್ರಿಗಳಲ್ಲಿ ಕೆಲವರು ಬ್ರಾಹ್ಮಣ ಸನ್ಯಾಸಿಗಳ ವೇಷ ತೊಟ್ಟು ಬದುಕುತ್ತಿದ್ದರು. ಮೇಲುಜಾತಿಯವರು ದೂರವಾದಾರೆಂಬ ಭಯದಿಂದ ಪರಯರ ಗುಡಿಸಲಿಗೆ ಕಾಲಿಡುತ್ತಿರಲಿಲ್ಲ. 1704ರಲ್ಲಿ ರೋಮಿನ ಪ್ರತಿನಿಧಿ ತೂರ್ನೋ ಪಾಂಡಿಚೇರಿಯಲ್ಲಿ ಆಜ್ಞೆ ಹೊರಡಿಸಿದ: ಪರಯ ಕ್ರೈಸ್ತ ಕಾಯಿಲೆ ಬಿದ್ದರೆ ಪಾದ್ರಿ ಅವನ ಮನೆಯೊಳಕ್ಕೇ ಹೋಗಬೇಕು. ಹೋಗಬೇಕೋ ಬೇಡವೋ ಎಂದು ತಗಾದೆ ನಡೆದದ್ದು 40 ವರ್ಷ! 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಅದೇ ಆಜ್ಞೆಯನ್ನು ಬಿಗಿಮಾಡಿದಾಗ ಜೆಸ್ವಿತರು ಪರಯರಿಗೆ ಅಂತಲೇ ಬೇರೆ ಪಾದ್ರಿಗಳನ್ನು ಗೊತ್ತುಮಾಡಿದರು. ಪಾದ್ರಿಗಳಲ್ಲೂ ಮೇಲುಕೇರಿ ಕೆಳಕೇರಿ ಆದವು. ಗುಡಿಸಲಿನ ಬಾಗಿಲು ಕುಳ್ಳು, ಒಳಗೆ ಹೋಗಬೇಕಾದರೆ ಪೋಪನೂ ಬಗ್ಗಬೇಕು. ಅಷ್ಟು ಬಗ್ಗೋಕೆ ಇಷ್ಟು ವರ್ಷದ ಜಗಳ.

ಗಣಿಯಲ್ಲಂತೂ ಬಗ್ಗುವ ಕೆಲಸವೆಲ್ಲ ಕೂಲಿಯದೇ. ಪಾಳಿ ಮುಗಿಸಿ ಮೇಲೆ ಬಂದರೆ ಚಿನ್ನ ಕದ್ದಿದ್ದಾನೆಯೇ ಅಂತ ಮೈ ತಡವಿ ಶೋಧನೆ. 1930ರಲ್ಲಿ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಕೂಲಿಗಳೂ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಅಂದಿತು. ಆ ಕಾಲದಲ್ಲಿ ಪೊಲೀಸರು ಬೆರಳಚ್ಚು ತಗೊಳ್ಳುತ್ತಿದ್ದದ್ದು ಯಾರದು? ಕಳ್ಳರದು, 'ಅಪರಾಧಿ ಬುಡಕಟ್ಟು' ಅಂತ ಸರ್ಕಾರ ಹಣೆಪಟ್ಟಿ ಹಚ್ಚಿದ ಜನರದು. ಏಪ್ರಿಲ್‌ನಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಮುಷ್ಕರ ಒಂದೆರಡು ದಿನಕ್ಕೆ ಮುಗಿಯಲಿಲ್ಲ. ಸುರಂಗದಲ್ಲಿ ದಿನವೂ ಬಗ್ಗಿದವರು ಹೆಬ್ಬೆಟ್ಟು ಒತ್ತಲು ಬಗ್ಗಲಿಲ್ಲ.

ಸೌಮ್ಯತೆ ಬೋಧಿಸುವ ಧರ್ಮಕ್ಕೆ ಇದು ವಿರುದ್ಧ ಅನ್ನುವವರು ಬೈಬಲನ್ನು ಮತ್ತೊಮ್ಮೆ ಓದಲಿ. ವಿಚಾರಣೆಯ ವೇಳೆ ಕಾವಲಿನವನು ಕೆನ್ನೆಗೆ ಹೊಡೆದಾಗ ಯೇಸು ಬಾಯಿ ಮುಚ್ಚಿಕೊಂಡು ನಿಲ್ಲಲಿಲ್ಲ. ನಾನು ಆಡಿದ್ದರಲ್ಲಿ ತಪ್ಪೇನಿದೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂಬರ್ಥದಲ್ಲಿ ಎದುರಾ ಎದುರೇ ಕೇಳಿದ. ಕೈ ಎತ್ತಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಕೆಲಸ ನಿಲ್ಲಿಸಿದ ಕೂಲಿಗಳು ಕೇಳಿದ್ದೂ ಅದನ್ನೇ: ನಾವು ಕಳ್ಳರು ಅಂತ ಹೇಗೆ ಹೇಳ್ತೀರಿ?

ಹಾಗಂತ ಗಣಿಯ ದಲಿತರೆಲ್ಲ ಚರ್ಚಿನ ಕಡೆಗೇ ನೋಡಿದರು ಎಂದುಕೊಳ್ಳಬೇಡಿ. ಅಯೋತಿದಾಸ ಪಂಡಿತರ ದಾರಿ ಹಿಡಿದ ಕೆಲವರು 20ನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದ್ದರು. ಅದೇ ಒಂದು ದೊಡ್ಡ ಚರಿತ್ರೆ, ಇನ್ನೊಮ್ಮೆ ಬರೆಯಬೇಕು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ದೊರೆಗಳು ಹೋದರು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಈಗ ಗಣಿಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ನಸುಕಿಗೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಪವಿತ್ರ ಗುರುವಾರ ಕ್ಯಾಥೊಲಿಕ್ ಗುಡಿಗಳಲ್ಲಿ ಪಾದ್ರಿಗಳು ಜನರ ಕಾಲು ತೊಳೆಯುವ ಹೊತ್ತಿಗೆ ಇವರಲ್ಲಿ ಎಷ್ಟೋ ಮಂದಿ ಇನ್ನೂ ವಾಪಸು ಬರುವ ರೈಲಿನಲ್ಲಿ ನಿಂತೇ ಇರುತ್ತಾರೆ.